ಒಂದು ತುತ್ತಿನ ಹೊತ್ತು

ಮೂವತ್ತು ವರ್ಷ ಸಂಸಾರ ಮಾಡಿದ ಮೇಲೂ ನನ್ನ ಹೆಂಡತಿ ಊಟ ಮಾಡುವುದನ್ನು ನಾನು ಕೂತು ನೋಡಿರಲಿಲ್ಲ. ನಮ್ಮ ಕಡೆ ಇದರಲ್ಲಿ ವಿಶೇಷ ಏನಿಲ್ಲ. ಗಂಡಸರು ಮೊದಲು ಉಂಡು ಏಳುತ್ತಾರೆ. ಹೆಂಗಸರು ಆಮೇಲೆ ಒಲೆಯ ಪಕ್ಕ ಕೂತು, ಪಾತ್ರೆಯಲ್ಲಿ ಉಳಿದಿದ್ದನ್ನು ಬಳಿದುಕೊಂಡು ಉಣ್ಣುತ್ತಾರೆ. ಅಷ್ಟು ಹೊತ್ತಿಗೆ ನಾನು ಮಲಗಿರುತ್ತಿದ್ದೆ, ಇಲ್ಲವೇ ರೈಲು ಹತ್ತಿರುತ್ತಿದ್ದೆ. ಈಗ ದಿನಕ್ಕೆ ಮೂರು ಹೊತ್ತು ಅವಳ ಎದುರಿಗೆ ಕೂತು ಅವಳ ಗಂಟಲನ್ನೇ ನೋಡುತ್ತೇನೆ.

ನನ್ನದು ಗಾರೆ ಕೆಲಸ. ಮನೆ ನಂದಿದುರ್ಗದ ಕೂಲಿ ಲೈನಿನಲ್ಲಿ, ಚಿನ್ನದ ಗಣಿಯವರು ಅಪ್ಪನಿಗೆ ಕೊಟ್ಟಿದ್ದ ಒಂಟಿ ಕೋಣೆಯ ಮನೆ. ಅಪ್ಪ ಬಂಗಾರಪೇಟೆಯ ಆಚೆಯ ಹಳ್ಳಿಯಿಂದ ಬಂದು ನೆಲದಡಿಯ ಕೆಲಸಕ್ಕೆ ಸೇರಿದವನು. ಅವನು ಉಣ್ಣುತ್ತಿದ್ದ ರೀತಿ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಮುದ್ದೆ ಮುರಿಯುವುದು, ಸಾರಿಗೆ ಅದ್ದುವುದು, ನುಂಗುವುದು ಮೂರೂ ಒಂದೇ ಏಟಿಗೆ ಆಗುತ್ತಿತ್ತು. ನಾನು ತಟ್ಟೆಯ ಮುಂದೆ ಎಲ್ಲೋ ನೋಡುತ್ತಾ ಕೂತರೆ, "ತಲೆ ಮ್ಯಾಲೆ ಬಂಡೆ ಇಟ್ಕಂಡೋನು ನಿಧಾನಕ್ ಉಣ್ತಾನೇನ್ಲಾ?" ಎನ್ನುತ್ತಿದ್ದ. ಕೆಳಗೆ ಬಂಡೆ ಸಿಡಿದರೆ ಮೇಲೆ ನಮ್ಮ ಲೈನೆಲ್ಲ ಅದುರುತ್ತಿತ್ತು. ಗೂಡಿನಲ್ಲಿದ್ದ ಪಾತ್ರೆಗಳು ಒಂದಕ್ಕೊಂದು ತಾಕಿ ಸದ್ದು ಮಾಡುತ್ತಿದ್ದವು. ಹೆಂಗಸರು ಕೈಯಲ್ಲಿದ್ದುದನ್ನು ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು, ಯಾವ ಕಡೆ ಸಿಡಿಯಿತು, ಯಾರ ಪಾಳಿ ಎಂದು ತಿಳಿಯುವ ತನಕ. ಅಂಥ ಮನೆಯಲ್ಲಿ ಬೇಗ ಉಂಡು ಏಳುವವನೇ ಬುದ್ಧಿವಂತ.

ಕಲ್ಲಿನ ಧೂಳು ಅಪ್ಪನ ಎದೆಯನ್ನು ತಿಂದಿತು. ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಗಾರೆ ಬಾಂಡ್ಲಿ ಹೊತ್ತೆ. ಆಮೇಲೆ ಕರಣೆ ಹಿಡಿದೆ, ಮೇಸ್ತ್ರಿಯಾದೆ. ಗಣಿ ಮುಚ್ಚಿದ ಮೇಲೆ ಇಡೀ ಊರು ಬೆಂಗಳೂರಿನ ರೈಲು ಹತ್ತಿತು, ನಾನೂ ಹತ್ತಿದೆ. ನಾನು ಮುಗಿಸಿದ ಗೋಡೆಯ ಮೇಲೆ ಇನ್ನೊಬ್ಬ ಮೇಸ್ತ್ರಿ ಬಂದು ಕೈಯಾಡಿಸಿದ್ದಿಲ್ಲ. ಕೆಲಸ ಕೊಡಿ ಎಂದು ಯಾರ ಬಾಗಿಲಿಗೂ ಹೋಗಿ ನಿಂತವನಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಬೆಳಕು ಹರಿಯುವ ಮೊದಲೇ ಎದ್ದು, ನಿಂತುಕೊಂಡೇ ಮುದ್ದೆ ನುಂಗಿ, ಅಂಗಿಯ ಗುಂಡಿಯನ್ನು ದಾರಿಯಲ್ಲಿ ಹಾಕಿಕೊಳ್ಳುತ್ತಾ ಸ್ಟೇಷನ್ನಿಗೆ ಓಡುತ್ತಿದ್ದೆ. ಅವಳು ಊಟದ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದಳು. ನಾನು ಬತ್ತೀನಿ ಎನ್ನುತ್ತಿದ್ದೆ. ನಮ್ಮ ನಡುವೆ ಬೆಳಗಿನ ಮಾತು ಅಷ್ಟೇ. ಸಂಜೆಯ ಮಾತು ಅದಕ್ಕಿಂತ ಹೆಚ್ಚೇನೂ ಇರುತ್ತಿರಲಿಲ್ಲ.

ಮುದ್ದೆಯ ವಿಷಯ ಒಂದು ಹೇಳಬೇಕು. ಅದನ್ನು ನಾವು ಅಗಿಯುವುದಿಲ್ಲ. ಅಗಿದರೆ ಹಲ್ಲಿಗೆ ಮೆತ್ತಿಕೊಳ್ಳುತ್ತದೆ, ರುಚಿ ಕೆಡುತ್ತದೆ. ಸಾರಿನಲ್ಲಿ ಹೊರಳಿಸಿ ಹಾಗೇ ಇಳಿಸಬೇಕು. ಸೈಟಿನಲ್ಲಿ ಉತ್ತರದ ಕಡೆಯ ಕೂಲಿಯವನೊಬ್ಬ ಮುದ್ದೆಯನ್ನು ರೊಟ್ಟಿಯ ಹಾಗೆ ಅಗಿಯುತ್ತಾ ಒದ್ದಾಡುತ್ತಿದ್ದಾಗ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇವೆ. ನಮಗೆ ನುಂಗುವುದು ಎಂದರೆ ಉಸಿರಾಡುವಷ್ಟೇ ಸಲೀಸು. ಅದು ಒಂದು ಕೆಲಸ ಎಂದು ನನಗೆ ಗೊತ್ತೇ ಇರಲಿಲ್ಲ.

ಅವಳು ಬಿದ್ದ ದಿನ ನಾನು ರೈಲಿನಲ್ಲಿದ್ದೆ. ಮಾಲೂರು ದಾಟಿತ್ತು. ಪಕ್ಕದ ಮನೆಯಲ್ಲಿ ಒಬ್ಬಳೇ ಇರುವ ತಮಿಳು ಮುದುಕಿ, ಲೈನಿನವರೆಲ್ಲ ಪಾಟಿ ಎಂದು ಕರೆಯುವವಳು, ಯಾರ ಕೈಯಲ್ಲೋ ಫೋನ್ ಮಾಡಿಸಿದಳು. ನಲ್ಲಿಯ ಹತ್ತಿರ ಬಿಂದಿಗೆ ಎತ್ತಲು ಬಗ್ಗಿದವಳು ಮೇಲೇಳಲಿಲ್ಲವಂತೆ, ಬಾಯಿ ಸೊಟ್ಟಗಾಗಿದೆಯಂತೆ. ಮುಂದಿನ ಸ್ಟೇಷನ್ನಿನಲ್ಲಿ ಇಳಿದುಬಿಟ್ಟೆ. ವಾಪಸ್ಸು ಹೋಗುವ ರೈಲು ತಡ ಎಂದರು. ಪ್ಲಾಟ್‌ಫಾರಮ್ಮಿನ ಈ ತುದಿಯಿಂದ ಆ ತುದಿಗೆ ನಡೆದೆ, ಮತ್ತೆ ಈ ತುದಿಗೆ ಬಂದೆ. ಎಷ್ಟು ಜೋರಾಗಿ ನಡೆದರೂ ಒಂದು ಗೇಣೂ ಮನೆಯ ಹತ್ತಿರ ಬರಲಿಲ್ಲ.

ಆಸ್ಪತ್ರೆಯಲ್ಲಿ ಲಕ್ವ ಎಂದರು. ಬಲಗೈ, ಬಲಗಾಲು ಹೋದವು. ಮಾತೂ ಹೋಯಿತು. "ಇರ್ಲಿ" ಅನ್ನುವ ಒಂದು ಮಾತು ಮಾತ್ರ ಬಾಯಲ್ಲಿ ಉಳಿಯಿತು. ನೀರು ಬೇಕೇ ಎಂದರೂ ಇರ್ಲಿ, ನೋಯುತ್ತಿದೆಯೇ ಎಂದರೂ ಇರ್ಲಿ. ನುಂಗಲು ಆಗುವುದಿಲ್ಲವೆಂದು ಮೂಗಿನಲ್ಲಿ ನಳಿಕೆ ಇಳಿಸಿ ಅದರಲ್ಲೇ ಊಟ ಬಿಟ್ಟರು. ಎಚ್ಚರವಾದ ಮೊದಲ ಗಳಿಗೆಯಲ್ಲೇ ಅವಳು ಎಡಗೈಯಿಂದ ಅದನ್ನು ಕಿತ್ತು ಎಸೆದಳು. ಮತ್ತೆ ಇಳಿಸಿದರು, ಮತ್ತೆ ಕಿತ್ತಳು. ಆಗ ಆ ಎಡಗೈಯನ್ನು ಬ್ಯಾಂಡೇಜು ಬಟ್ಟೆಯಲ್ಲಿ ಮಂಚದ ಕಂಬಿಗೆ ಕಟ್ಟಿದರು. ಅವರು ಮಾಡಿದ್ದು ತಪ್ಪಲ್ಲ, ಊಟ ಹೋಗಲೇಬೇಕಲ್ಲ. ಆದರೆ ಉಳಿದಿದ್ದ ಒಂದು ಕೈಯನ್ನೂ ಕಟ್ಟಿ ಮಲಗಿಸಿದ್ದನ್ನು ನೋಡಿ ನಾನು ಹೊರಗೆ ಬಂದು ಗೋಡೆಗೆ ಹಣೆ ಇಟ್ಟು ನಿಂತೆ. ಅವಳ ಮೂಗಿನಿಂದ ಆ ನಳಿಕೆ ಹೋಗಬೇಕು, ಅವಳು ಬಾಯಿಂದ ಉಣ್ಣಬೇಕು. ಬೇರೆ ಯಾವ ಆಸೆಯೂ ಆಮೇಲೆ ನನಗೆ ಉಳಿಯಲಿಲ್ಲ.

ನುಂಗುವುದನ್ನು ಕಲಿಸಲು ಅಲ್ಲಿ ಒಬ್ಬಳು ಬರುತ್ತಿದ್ದಳು, ಮಾಲೂರು ಕಡೆ ಕೊಟ್ಟಿರುವ ನನ್ನ ಮಗಳ ವಯಸ್ಸಿನವಳು. ಬೆನ್ನಿಗೆ ದಿಂಬು ಕೊಟ್ಟು ನೆಟ್ಟಗೆ ಕೂರಿಸುವುದು, ಗದ್ದ ಎದೆಯ ಕಡೆ ಬಗ್ಗಿಸುವುದು, ಅರ್ಧ ಚಮಚ ಎಡಗಡೆಯ ಕೆನ್ನೆಗೆ ಇಡುವುದು, ಎಲ್ಲ ತೋರಿಸಿದಳು.

"ಅಂಕಲ್, ಮುಖ ನೋಡ್ಬೇಡಿ, ಗಂಟಲು ನೋಡಿ. ಗಂಟಲು ಮೇಲೆ ಹೋಗಿ ಕೆಳಗೆ ಇಳೀಬೇಕು. ಆಮೇಲೆ ಬಾಯಿ ತೆಗೆಸಿ ನೋಡಿ, ಖಾಲಿ ಇದ್ರೆ ಮಾತ್ರ ಇನ್ನೊಂದು. ನಿಮ್ಮ ಹತ್ರ ಒಂದು ಗಂಟೆ ಟೈಮ್ ಇಲ್ಲ ಅಂದ್ರೆ ತಿನ್ನಿಸೋಕೇ ಕೂರ್ಬೇಡಿ."

ಊಟ ದಾರಿ ತಪ್ಪಿ ಶ್ವಾಸಕೋಶಕ್ಕೆ ಹೋದರೆ ಜ್ವರ ಬರುತ್ತದೆ, ಆ ಜ್ವರದಲ್ಲೇ ಜೀವ ಹೋಗಬಹುದು, ಉಳಿದರೂ ಹೊಟ್ಟೆಗೇ ತೂತು ಮಾಡಿ ನಳಿಕೆ ಇಡಬೇಕಾಗುತ್ತದೆ ಎಂದೂ ಹೇಳಿದಳು. ರಾಗಿ ಸರಿ ಮಾಡಿ ಕೊಡಿ, ಮಕ್ಕಳಿಗೆ ಮಾಡುತ್ತೀರಲ್ಲ ಹಾಗೆ, ಚಮಚ ಓರೆ ಮಾಡಿದರೆ ಸೋರಬಾರದು, ಜಾರಬೇಕು ಎಂದಳು. ನಾನು ಎಲ್ಲದಕ್ಕೂ ತಲೆಯಾಡಿಸಿದೆ. ಕೆಲಸ ಕಲಿಯುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವನಲ್ಲ. ಆದರೆ ಈ ಕೆಲಸವನ್ನು ನಾನೇ ಮಾಡಬೇಕು ಅನ್ನುವುದು ಆಗ ನನ್ನ ತಲೆಗೆ ಬರಲಿಲ್ಲ. ಇದು ಹೆಂಗಸರ ಕೆಲಸ, ಅಕ್ಕನನ್ನು ಕರೆಸಿದರೆ ಆಯಿತು ಎಂದುಕೊಂಡೆ.

ಅಕ್ಕನನ್ನು ಕೊಟ್ಟಿರುವುದು ಬಂಗಾರಪೇಟೆಯ ಆಚೆಯ ಹಳ್ಳಿಯಲ್ಲೇ. ಎರಡು ಸೀಮೆಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವವಳು. ಆಸ್ಪತ್ರೆಯವರು ನಳಿಕೆ ತೆಗೆದು ನನ್ನ ಹೆಂಡತಿಯನ್ನು ಮನೆಗೆ ಕಳಿಸಿದ ದಿನ, ಹಸುಗಳನ್ನು ಸೊಸೆಯ ಕೈಗೆ ಒಪ್ಪಿಸಿ ಬಂದಳು. ನಾನು ಮಾರನೆಯ ದಿನವೇ ರೈಲು ಹತ್ತಿದೆ. ಒಂದು ಮನೆಯ ಹೊರಗೋಡೆ ಅರ್ಧಕ್ಕೆ ನಿಂತಿತ್ತು, ಕೊಟ್ಟ ಮಾತು ಉಳಿಸಬೇಕಿತ್ತು.

ಅಕ್ಕ ನಾನು ಹೇಳಿಕೊಟ್ಟಂತೆಯೇ ಕೆಲವು ದಿನ ಸರಿ ಮಾಡಿ ತಿನ್ನಿಸಿದಳು. ಅವಳಿಗೆ ಅದು ಹಿಡಿಸಲಿಲ್ಲ. ಒಂದು ಸಂಜೆ ನಾನು ಬಂದು ಕೈಕಾಲು ತೊಳೆಯುತ್ತಿದ್ದಾಗ ಬಟ್ಟಲು ತಂದು ನನ್ನ ಮೂಗಿನ ಕೆಳಗೆ ಹಿಡಿದಳು.

"ಏನ್ಲಾ ಇದು, ಗೋಡೆಗ್ ಬಳಿಯೋ ಸುಣ್ಣ ಇದ್ದಂಗದೆ. ಇದ್ ಕುಡುದು ಯಾವೋಳು ಎದ್ ಕೂತಾಳು?"

ಡಾಕ್ಟರು ಹೇಳಿದ್ದಾರೆ ಎಂದೆ.

"ಡಾಕ್ಟ್ರು ಅಗಿಯಕ್ ಆಗಲ್ಲ ಅಂತ ಏಳವ್ರೆ. ಅನ್ನ ಅಂದ್ರೆ ಅಗೀಬೇಕು, ಚಪಾತಿ ಅಂದ್ರೆ ಅಗೀಬೇಕು. ಮುದ್ದೆಗೆ ಅಗಿಯೋ ಕೆಲ್ಸಾನೇ ಇಲ್ವಲ್ಲ. ಕಾಯ್ಲೆ ಬಿದ್ದೋರಿಗೆ ಅದ್ಕಿಂತ ಸಲೀಸು ಯಾವ್ದದೆ, ನೀನೇ ಏಳು."

ನನಗೂ ಸರಿ ಅನ್ನಿಸಿತು. ಇವತ್ತು ಕೂತು ಯೋಚಿಸಿದರೂ ಆ ಲೆಕ್ಕದಲ್ಲಿ ಎಲ್ಲಿ ತಪ್ಪಿದೆ ಎಂದು ನಮ್ಮ ಕಡೆಯ ಯಾರೂ ತಕ್ಷಣ ಹೇಳಲಾರರು. ಮುದ್ದೆ ಉಂಡವರು ಬೆಟ್ಟ ಕಿತ್ತಿಡುತ್ತಾರೆ ಎಂದು ಕೇಳಿ ಬೆಳೆದವರು ನಾವು. ಸ್ವಲ್ಪ ಸ್ವಲ್ಪ ಕೊಡು ಎಂದೆ. ಅಕ್ಕ ಬಿಸಿ ಮುದ್ದೆಯನ್ನು ಮಣಿಯಷ್ಟು ಮಣಿಯಷ್ಟೇ ಚಿವುಟಿ, ಮಸ್ಸೊಪ್ಪಿನಲ್ಲಿ ಹೊರಳಿಸಿ, ಅವಳ ಬಾಯಿಗೆ ಇಟ್ಟಳು. ಮುದ್ದೆಯ ವಾಸನೆಗೇ ನನ್ನ ಹೆಂಡತಿಯ ಮುಖ ಬದಲಾಯಿತು. ನುಂಗಿದಳು. ಎಡಗಣ್ಣಿನಿಂದ ನೀರು ಇಳಿಯಿತು. ಅಕ್ಕ ನನ್ನ ಕಡೆ ತಿರುಗಿ, ನೋಡಿದೆಯಾ ಅನ್ನುವ ಹಾಗೆ ಹುಬ್ಬು ಹಾರಿಸಿದಳು. ಆವತ್ತು ನಾನೂ ಗೆದ್ದವನ ಹಾಗೆ ಉಂಡು ಮಲಗಿದೆ.

ಆ ವಾರ ಮುಗಿಯುವುದರೊಳಗೆ ಜ್ವರ ಬಂತು. ಉಸಿರಿನ ಜೊತೆ ಎದೆಯೊಳಗಿನಿಂದ ಗೊರ ಗೊರ ಎಂದು ಸದ್ದು. ತುಟಿಗಳು ನೀಲಿಯಾದವು. ಆಟೋದಲ್ಲಿ ಅವಳ ತಲೆಯನ್ನು ನನ್ನ ಭುಜಕ್ಕೆ ಒರಗಿಸಿಕೊಂಡು ಹೋಗುವಾಗ ಆ ಸದ್ದು ನನಗೆ ಗೊತ್ತಿರುವ ಸದ್ದು ಅನ್ನಿಸಿತು. ಅಪ್ಪನ ಕೊನೆಯ ತಿಂಗಳುಗಳಲ್ಲಿ ನಮ್ಮ ಮನೆ ತುಂಬ ಅದೇ ಇತ್ತು.

ಡಾಕ್ಟರು ಏನು ತಿನ್ನಿಸಿದಿರಿ ಎಂದು ಕೇಳಿದರು. ಅಕ್ಕನೇ ಮುಂದೆ ಬಂದು, ಮುದ್ದೆ ಸ್ವಾಮಿ, ಅಗಿಯಂಗೇ ಇಲ್ಲ, ನುಂಗೋದಷ್ಟೇ ಎಂದಳು. ಅವರು ಬೈಯಲಿಲ್ಲ. ಬೈದಿದ್ದರೆ ಅಕ್ಕ ಎರಡು ಮಾತು ತಿರುಗಿಸಿ ಹೇಳಿ ಹಗುರಾಗುತ್ತಿದ್ದಳು.

"ಅಮ್ಮಾ, ಅವರ ಹಲ್ಲು, ದವಡೆ ಏನೂ ಹೋಗಿಲ್ಲ. ಹೋಗಿರೋದು ನುಂಗೋದೇ," ಎಂದರು, ಅಷ್ಟೇ.

ಅಕ್ಕ ವರಾಂಡದ ನೆಲದ ಮೇಲೆ ಹಾಗೇ ಕುಸಿದು ಕೂತಳು. ಸೆರಗಿನ ಅಂಚನ್ನು ಬಾಯಿಗೆ ತುರುಕಿಕೊಂಡಿದ್ದಳು. ಅಳುತ್ತಿರಲಿಲ್ಲ. ನಾನು ಹತ್ತಿರ ಹೋಗಿ ಕೂತೆ. ತಪ್ಪು ಅವಳೊಬ್ಬಳದೇ ಅಲ್ಲ ಎಂದು ಹೇಳಬೇಕಿತ್ತು. ಹೇಳುವುದರೊಳಗೆ ನರ್ಸು ಬಂದು ನನ್ನನ್ನು ಕರೆದಳು. ಆ ಮಾತು ಹಾಗೇ ಉಳಿಯಿತು.

ಹೆಂಡತಿ ಉಳಿದಳು. ಮತ್ತೆ ಮೂಗಿಗೆ ನಳಿಕೆ, ಮತ್ತೆ ಕೈ ಕಟ್ಟು. ಜ್ವರ ಇಳಿದು ಅವಳು ಎದ್ದು ಕೂರುವಂತಾದಾಗ ಮೈಮೇಲೆ ಮೂಳೆಯ ಹೊರತು ಏನೂ ಇರಲಿಲ್ಲ. ಇನ್ನೊಂದು ಅವಕಾಶ ಕೊಡೋಣ ಎಂದು ನಳಿಕೆ ತೆಗೆದು ಕಳಿಸಿದರು. ಅಕ್ಕ ಅವಳ ಮುಖ ನೋಡದೆ ಊರಿಗೆ ಹೋದಳು. ಅಲ್ಲಿ ಮುದ್ದೆ ಮುಟ್ಟುವುದನ್ನೇ ಬಿಟ್ಟಿದ್ದಾಳೆ, ಅನ್ನ ಮಾಡಿಕೊಂಡು ಉಣ್ಣುತ್ತಾಳೆ ಎಂದು ಸೊಸೆ ಫೋನಿನಲ್ಲಿ ಹೇಳಿದಳು.

ನಾನು ರೈಲು ಹತ್ತುವುದನ್ನು ಬಿಟ್ಟೆ.

ಮೊದಮೊದಲು ನನ್ನ ಕೈಯೇ ನನ್ನ ಮಾತು ಕೇಳಲಿಲ್ಲ. ಅವಳ ಗಂಟಲು ಇನ್ನೂ ಮೇಲೆ ಹೋಗುತ್ತಿರುವಾಗಲೇ ಮುಂದಿನ ಚಮಚ ತುಟಿಯ ಹತ್ತಿರ ಬಂದುಬಿಡುತ್ತಿತ್ತು. ಸ್ಟೇಷನ್ನಿನ ಕಡೆಯಿಂದ ರೈಲಿನ ಹಾರನ್ ಕೇಳಿದರೆ ಕೂತಲ್ಲಿಂದ ಅರ್ಧ ಎದ್ದುಬಿಡುತ್ತಿದ್ದೆ. ಅವಳು ತುಟಿ ಬಿಗಿಹಿಡಿದು, ಎಡಗೈಯಿಂದ ನನ್ನ ಮಣಿಕಟ್ಟನ್ನು ಒತ್ತಿ ಕೆಳಗಿಳಿಸುತ್ತಿದ್ದಳು. ನನಗೆ ಕೋಪ ಬರುತ್ತಿತ್ತು. ಬಂದದ್ದನ್ನು ನುಂಗಿಕೊಳ್ಳುತ್ತಿದ್ದೆ. ಗೋಡೆ ಆದ ಮೇಲೆ ದಿನಗಟ್ಟಲೆ ನೀರು ಕುಡಿಸಿ ಕಾಯಬೇಕು, ಇಲ್ಲದಿದ್ದರೆ ಬಿರುಕು ಬಿಡುತ್ತದೆ ಎಂದು ಕೆಲಸದವರಿಗೆ ಬೈದು ಹೇಳುತ್ತಿದ್ದವನು ನಾನು. ಕಾದದ್ದು ಮಾತ್ರ ಯಾವತ್ತೂ ನಾನಲ್ಲ. ನೀರು ಹಾಕಲು ಒಬ್ಬನನ್ನು ಬಿಟ್ಟು ನಾನು ಮುಂದಿನ ಸೈಟಿಗೆ ಹೋಗಿರುತ್ತಿದ್ದೆ.

ಎಷ್ಟು ದಿನ ಹಿಡಿಯಿತೋ, ಕೈ ನಿಂತಿತು. ಕೈ ನಿಂತ ಮೇಲೆ ಕಣ್ಣು ಕೆಲಸ ಮಾಡತೊಡಗಿತು. ಅವಳ ಗದ್ದದ ಕೆಳಗೆ ಒಂದು ಹಳೆಯ ಗಾಯದ ಗೆರೆ ಇದೆ. ಯಾವಾಗ ಆಯಿತು, ಹೇಗೆ ಆಯಿತು, ನನಗೆ ಗೊತ್ತಿಲ್ಲ. ಈಗ ಅವಳು ಹೇಳಲಾರಳು. ಹುಳಿ ತಾಕಿದರೆ ಎಡಗಣ್ಣು ಮುಚ್ಚುತ್ತಾಳೆ. ಬಿಸಿ ಆಗುವುದಿಲ್ಲ, ಆರಿದ್ದೇ ಇಷ್ಟ. ಅಷ್ಟು ವರ್ಷ ಆರಿದ್ದನ್ನೇ ಉಂಡು ಅಭ್ಯಾಸವಾಯಿತೋ, ಮೊದಲಿಂದಲೂ ಹಾಗೆಯೋ, ಅದೂ ತಿಳಿಯದು. ಒಂದು ದಿನ ತಿಳಿಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಹಾಕಿ ಸರಿಯಲ್ಲಿ ಬೆರೆಸಿದ್ದೆ. ನಾಲಿಗೆಯಿಂದ ಹೊರಕ್ಕೆ ತಳ್ಳಿದಳು. ಇನ್ನೊಂದು ದಿನವೂ ಹಾಗೇ ಮಾಡಿದಳು. ನಮ್ಮ ಮನೆಯಲ್ಲಿ ಬೆಳ್ಳುಳ್ಳಿ ಇಲ್ಲದ ಬಸ್ಸಾರನ್ನು ನಾನು ಕಂಡಿಲ್ಲ. ನನಗೆ ಅದು ಬೇಕೇ ಬೇಕು.

"ನಿಂಗೆ ಬೆಳ್ಳುಳ್ಳಿ ಆಗಲ್ವಾ?" ಎಂದು ಕೇಳಿದೆ.

"ಇರ್ಲಿ," ಎಂದಳು.

ಬಟ್ಟಲನ್ನು ತೆಗೆದುಕೊಂಡು ಹೋಗಿ ಚೆಲ್ಲಿ, ಬೇರೆ ಮಾಡಿದೆ. ಮಾಡುವಾಗ, ಎಷ್ಟು ವರ್ಷ ನನಗಾಗಿ ಬೆಳ್ಳುಳ್ಳಿ ಉಂಡಳು ಎಂದು ಲೆಕ್ಕ ಹಾಕಲು ಹೋಗಲಿಲ್ಲ. ಹಾಕಿದ್ದರೆ ಒಲೆಯ ಮುಂದೆ ನಿಲ್ಲಲು ಆಗುತ್ತಿರಲಿಲ್ಲ.

ನಿಧಾನ ಮಾಡಿದರೆ ಬದುಕು ಸಿಹಿಯಾಗುತ್ತದೆ ಎಂದು ಯಾರಾದರೂ ಹೇಳಿದರೆ ನಾನು ಜಗಳಕ್ಕೆ ಹೋಗುವುದಿಲ್ಲ, ಆದರೆ ಒಪ್ಪುವುದೂ ಇಲ್ಲ. ನಿಧಾನ ಮಾಡಿದರೆ ಕಾಣುತ್ತದೆ. ಕಾಣುವುದರಲ್ಲಿ ಬಹಳಷ್ಟು ಕಹಿಯೇ ಇರುತ್ತದೆ. ಓಡುತ್ತಿದ್ದಾಗ ಅದನ್ನು ದಾಟಿಕೊಂಡು ಹೋಗಿರುತ್ತೇವೆ. ಹಾಗಿದ್ದೂ ಮತ್ತೆ ರೈಲಿಗೆ ಓಡಬೇಕು ಎಂದು ನನಗೆ ಅನ್ನಿಸಲಿಲ್ಲ. ಬೆಂಗಳೂರಿನಲ್ಲಿ ನಾನು ಎಬ್ಬಿಸಿದ ಗೋಡೆಗಳ ಒಳಗೆ ಯಾರಿದ್ದಾರೋ, ಅವರಿಗೆ ನಾನು ಯಾರೋ. ಇಲ್ಲಿ ಒಂದು ಅರ್ಧ ಚಮಚ ಸರಿಯಾಗಿ ಇಳಿದರೆ ಅದು ಇಳಿದದ್ದು ನನ್ನ ಕಣ್ಣೆದುರಿಗೆ. ಬೆಳಗ್ಗೆ ಎದ್ದ ಕೂಡಲೇ ಇವತ್ತು ನಾನು ಏತಕ್ಕೆ ಬೇಕು ಅನ್ನುವುದು ಗೊತ್ತಿರುತ್ತಿತ್ತು. ಮೇಸ್ತ್ರಿಯಾಗಿದ್ದಾಗ ಅದು ಅಷ್ಟು ಸ್ಪಷ್ಟವಾಗಿ ಗೊತ್ತಿದ್ದ ದಿನ ನನಗೆ ನೆನಪಿಲ್ಲ.

ಎರಡು ಊಟಗಳ ನಡುವೆ ಸಿಗುವ ಹೊತ್ತಿನಲ್ಲಿ ಲೈನಿನಲ್ಲೇ ಚಿಲ್ಲರೆ ಕೆಲಸ ಮಾಡುತ್ತೇನೆ. ಯಾರದೋ ಒಲೆಕಟ್ಟೆ, ಯಾರದೋ ಬಚ್ಚಲ ಗೋಡೆ, ಚಾಂಪಿಯನ್ ರೀಫ್ಸ್ ಕಡೆಯಿಂದಲೂ ಕರೆಯುತ್ತಾರೆ. ಆಗ ಪಾಟಿ ಬಂದು ಅವಳ ಹತ್ತಿರ ಕೂರುತ್ತಾಳೆ. ನನ್ನ ಕೈಕೆಳಗೆ ಕೆಲಸ ಕಲಿತು ಈಗ ತಾನೇ ಗುತ್ತಿಗೆ ಹಿಡಿಯುವವನೊಬ್ಬ ಒಂದು ಮಧ್ಯಾಹ್ನ ಬಾಗಿಲಿಗೆ ಬಂದ. ದೊಡ್ಡ ಕೆಲಸ ಸಿಕ್ಕಿದೆ, ನಾನು ಬಂದು ನಿಂತರೆ ಸಾಕು ಎಂದ. ನಾನು ಚಮಚ ಹಿಡಿದು ಕೂತಿದ್ದೆ, ತಲೆ ಎತ್ತಲಿಲ್ಲ.

"ಏನ್ ಮೇಸ್ತ್ರಿ, ಕರಣೆ ಬಿಟ್ಟು ಚಮಚ ಇಡ್ಕಂಡ್ಬಿಟ್ಟೆ. ಇಂಗೇ ಕೂತ್ರೆ ಕರಣೆ ತುಕ್ ಇಡಿಯಲ್ವಾ?"

"ಇಡೀಲಿ ಬಿಡು," ಎಂದೆ.

ಅವನು ನಕ್ಕು ಹೋದ. ಆ ನಗು ತಾಕಲಿಲ್ಲ ಎಂದರೆ ಸುಳ್ಳಾಗುತ್ತದೆ. ಚಮಚ ಇಟ್ಟು ಎದ್ದು ಹೋಗಿ ಎರಡು ಮಾತು ಹೇಳಿ ಬರೋಣ ಎಂದು ಬಾಯಿಗೆ ಬಂದಿತ್ತು. ಅವಳ ಬಾಯಲ್ಲಿ ತುತ್ತು ಇತ್ತು. ಕೂತೇ ಇದ್ದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಅವಳಿಗೆ ಲಕ್ವದ ಇನ್ನೊಂದು ಏಟು ಬಿತ್ತು. ಮೊದಲಿನಷ್ಟು ದೊಡ್ಡದಲ್ಲ, ಬೆಳಗ್ಗೆ ಎದ್ದಾಗ ಕುತ್ತಿಗೆ ಒಂದು ಕಡೆಗೆ ಜೋತುಬಿದ್ದಿತ್ತು, ಅಷ್ಟೇ. ಅಲ್ಲಿಂದ ಮುಂದೆ ಗಂಟಲು ಸೋತಿತು. ಮೇಲೆ ಹೋದದ್ದು ಅರ್ಧದಲ್ಲಿ ನಿಂತುಬಿಡುತ್ತಿತ್ತು. ಅರ್ಧ ಬಟ್ಟಲು ಖಾಲಿಯಾಗುವುದರಲ್ಲಿ ಸರಿ ತಣ್ಣಗಾಗಿ ಮೇಲೆ ಕೆನೆ ಕಟ್ಟುತ್ತಿತ್ತು. ಕೆಮ್ಮು ಶುರುವಾಯಿತು. ಗೋಡೆಯ ಆಚೆಯಿಂದ ಪಾಟಿ, "ಏನ್ ತಂಬಿ, ಇನ್ನೂ ಸಾಪಾಡು ಆಗ್ಲಿಲ್ವಾ?" ಎಂದು ಕೂಗಿ ಕೇಳುತ್ತಿದ್ದಳು. ಊಟ ಆಗ್ತದೆ ಪಾಟಿ ಎನ್ನುತ್ತಿದ್ದೆ.

ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ, ಪ್ರತಿ ಸಲವೂ ಒಂದಿಷ್ಟು ಶ್ವಾಸಕೋಶದ ಕಡೆ ಹೋಗುತ್ತಿದೆ ಎಂದರು. ಈಗ ಹೊಟ್ಟೆಗೆ ನಳಿಕೆ ಇಟ್ಟರೆ ಇನ್ನಷ್ಟು ಕಾಲ ಇರಬಹುದು, ಬಾಯಿಂದಲೇ ಕೊಟ್ಟರೆ ಯಾವ ದಿನ ಬೇಕಾದರೂ ಜ್ವರ ಬರಬಹುದು, ಈ ಸಲ ಬಂದರೆ ತಡೆಯುವುದು ಕಷ್ಟ. ನಳಿಕೆ ಇಟ್ಟರೆ ಬಾಯಿಂದ ಕೊಡುವುದು ನಿಲ್ಲಿಸಬೇಕು. ಮತ್ತೆ ಕಿತ್ತುಕೊಂಡರೆ ಎಂದು ಕೇಳಿದೆ. ಕಿತ್ತುಕೊಳ್ಳದ ಹಾಗೆ ನೋಡಿಕೊಳ್ಳಬೇಕಾಗುತ್ತದೆ ಎಂದರು. ಅದರ ಅರ್ಥ ನನಗೆ ಗೊತ್ತಿತ್ತು. ನುಂಗುವುದನ್ನು ಕಲಿಸಿದ ಆ ಹೆಂಗಸು ನಮ್ಮನ್ನು ಬಾಗಿಲ ತನಕ ಬಿಟ್ಟು ಹೋಗಲು ಬಂದಳು. ಮನೆಗೆ ಹೋಗಿ ಅವರನ್ನೇ ಕೇಳಿ ನೋಡಿ ಅಂಕಲ್, ಅವಸರ ಮಾಡ್ಬೇಡಿ ಎಂದು, ತೋರಿಸಲಿಕ್ಕೆ ಇರಲಿ ಎಂದು ನಳಿಕೆಯ ಒಂದು ತುಂಡನ್ನು ಕವರಿನಲ್ಲಿ ಹಾಕಿ ಕೊಟ್ಟಳು.

ಸುದ್ದಿ ಕೇಳಿ ಅಕ್ಕ ಬಂದಳು. ಅಷ್ಟು ತಿಂಗಳ ಮೇಲೆ ಮೊದಲ ಸಲ. ಒಳಗೆ ಬರದೆ ಹೊಸ್ತಿಲ ಹೊರಗೇ ಕೂತು ಮಾತಾಡಿದಳು.

"ಇಡ್ಸ್‌ಬಿಡ್ಲಾ ನಳಿಕೆ. ಒಂದ್ಸಲ ನನ್ ಕೈಯಿಂದ ಆಯ್ತಲ್ಲ, ಸಾಲ್ದಾ? ಈಗ ನಿನ್ ಕೈಯಿಂದಾನೂ ಆಗ್ಬೇಕಾ?"

ಅವಳಿಗೆ ಬೇಡ ಕಣಕ್ಕ, ಕಿತ್ತಾಕ್ತಾಳೆ ಎಂದೆ.

"ಕಿತ್ರೆ ಕೈ ಕಟ್ಟು. ಜೀವ ಇದ್ರೆ ಸಾಕಲ್ವೇನ್ಲಾ. ಅವ್ಳ್ ಓಗ್ಬಿಟ್ರೆ ನಾನ್ ಯಾವ್ ಮಕ ಇಟ್ಕಂಡ್ ಬದುಕ್ಲಿ?"

ನನಗೆ ತಡೆಯಲಾಗದ ಸಿಟ್ಟು ಬಂತು.

"ನಿನ್ ಪಾಪ ತೊಳ್ಕಣಕ್ಕೆ ಅವಳೊಟ್ಟೆಗ್ ತೂತ್ ಮಾಡಿಸ್ಲೇನಕ್ಕ?"

ಅಕ್ಕ ನನ್ನನ್ನೇ ನೋಡಿದಳು. ಬೀದಿಯಲ್ಲಿ ಹೋಗುತ್ತಿದ್ದ ಯಾರೋ ನಿಂತು ಮುಂದೆ ಹೋದರು. ವರಾಂಡದಲ್ಲಿ ಹೇಳದೆ ಉಳಿದಿದ್ದ ಮಾತನ್ನು ಆಗಲಾದರೂ ಹೇಳಬೇಕಿತ್ತು, ಬಂದದ್ದು ಇದು. ಆಮೇಲೆ, ಮುದ್ದೆ ಕೊಡು ಎಂದವನು ನಾನೂ ಹೌದು ಎಂದೆ. ಅವಳು ಎದ್ದು ಹೋಗಲಿಲ್ಲ, ಅದೇ ದೊಡ್ಡದು.

ಹೆಂಡತಿಯನ್ನು ಕೇಳುವುದು ಹೇಗೆ? ಏನು ಕೇಳಿದರೂ ಇರ್ಲಿ ಅನ್ನುವವಳು. ಮೊದಲಾಗಿದ್ದರೆ ಅವಳ ಪರವಾಗಿ ನಾನೇ ಉತ್ತರ ಹೇಳಿ ಮುಗಿಸುತ್ತಿದ್ದೆ. ಮೂವತ್ತು ವರ್ಷ ಹಾಗೇ ನಡೆದಿತ್ತು. ಈ ಸಲ ಅವಳ ಎಡಗೈಯ ಹತ್ತಿರ ಹಾಸಿಗೆಯ ಮೇಲೆ ಒಂದು ಕಡೆ ಆ ನಳಿಕೆಯ ತುಂಡು ಇಟ್ಟೆ, ಇನ್ನೊಂದು ಕಡೆ ಚಮಚ ಇಟ್ಟೆ. ಇದರಲ್ಲಿ ಕೊಟ್ಟರೆ ಹೆಚ್ಚು ದಿನ, ಇದರಲ್ಲಿ ಕೊಟ್ಟರೆ ಬೇಗ ಹೋಗಿಬಿಡಬಹುದು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹೇಳುವಾಗ ಧ್ವನಿ ಸರಿಯಾಗಿಯೇ ಇತ್ತು. ಆಮೇಲೆ ಕಾದು ಕೂತೆ. ಬಾಗಿಲಿಂದ ಬೀಳುವ ಬಿಸಿಲು ನೆಲದ ಮೇಲೆ ಸರಿದು ಒರಳುಕಲ್ಲಿನ ಬುಡಕ್ಕೆ ಬಂತು. ಅವಳು ಎರಡನ್ನೂ ನೋಡುತ್ತಿದ್ದಳು. ಒಂದು ಸಲ ನನ್ನನ್ನು ನೋಡಿದಳು. ನಾನು ಮುಖದಲ್ಲಿ ಏನೂ ತೋರಿಸಬಾರದೆಂದು ನೆಲ ನೋಡಿದೆ.

ಚಮಚ ತೆಗೆದುಕೊಂಡಳು.

ಕೈಗೆ ಹತ್ತಿರವಿತ್ತೆಂದು ತೆಗೆದುಕೊಂಡಿರಬಹುದು. ಮಾರನೆಯ ದಿನ ಜಾಗ ಬದಲಾಯಿಸಿ ಇಟ್ಟು, ಅದೇ ಮಾತನ್ನು ಮತ್ತೆ ಹೇಳಿದೆ. ಅಕ್ಕ ಹೊಸ್ತಿಲಿನಿಂದ ನೋಡುತ್ತಿದ್ದಳು. ಈ ಸಲ ಹೆಂಡತಿ ನಳಿಕೆಯನ್ನು ಬೆರಳಿನಿಂದ ಹಾಸಿಗೆಯ ಅಂಚಿಗೆ ತಳ್ಳಿ ಕೆಳಗೆ ಬೀಳಿಸಿದಳು. ಚಮಚವನ್ನು ಮುಷ್ಟಿಯಲ್ಲಿ ಹಿಡಿದು ಎದೆಯ ಮೇಲೆ ಇಟ್ಟುಕೊಂಡಳು. ತಿನ್ನಿಸುವ ಹೊತ್ತಿಗೆ ಕೊಡು ಎಂದರೂ ಬಿಡಲಿಲ್ಲ. ಬೇರೆ ಚಮಚ ತರಬೇಕಾಯಿತು.

ಅದನ್ನು ನೋಡಿ ಅಕ್ಕ ಒಳಗೆ ಬಂದಳು. ಒಲೆ ಹಚ್ಚಿದಳು, ರಾಗಿ ಹಿಟ್ಟನ್ನು ತೆಳುವಾದ ಬಟ್ಟೆಯಲ್ಲಿ ಸೋಸಿದಳು. ಎಷ್ಟು ಗಟ್ಟಿ ಇರಬೇಕು ಎಂದು ಕೇಳಿದಳು. ಚಮಚ ಓರೆ ಮಾಡಿ ತೋರಿಸಿದೆ. ಬೆಳ್ಳುಳ್ಳಿ ಬೇಡ ಎಂದೆ.

ನಾವು ಆಸ್ಪತ್ರೆಗೆ ಹೋಗಿ ನಳಿಕೆ ಬೇಡ ಎಂದು ಹೇಳಿ ಬಂದೆವು. ಅವರು ಬಲವಂತ ಮಾಡಲಿಲ್ಲ. ಮಗಳು ಬಂದು ಎರಡು ದಿನ ಇದ್ದು, ಅಳುತ್ತಾ ಹೋದಳು. ಲೈನಿನಲ್ಲಿ ಒಬ್ಬೊಬ್ಬರು ಒಂದೊಂದು ಮಾತು. ಅವನಿಗೆ ಸಾಕಾಗಿದೆ, ಅದಕ್ಕೇ ಎಂದವರೂ ಇದ್ದಾರೆ. ನನ್ನ ಕಿವಿಗೆ ಬಿದ್ದಿದೆ. ಬೇರೆ ಕಾಲದಲ್ಲಾಗಿದ್ದರೆ ಅವರ ಬಾಗಿಲಿಗೆ ಹೋಗಿ ಕೇಳುತ್ತಿದ್ದೆ.

ಅಕ್ಕ ಈಗ ವಾರಕ್ಕೊಮ್ಮೆ ಬಂಗಾರಪೇಟೆಯಿಂದ ಬಸ್ಸು ಹತ್ತಿ ಬರುತ್ತಾಳೆ. ಸರಿ ಮಾಡುತ್ತಾಳೆ, ಮೈ ಒರೆಸುತ್ತಾಳೆ, ತಲೆ ಬಾಚುತ್ತಾಳೆ. ಚಮಚ ಮಾತ್ರ ಮುಟ್ಟುತ್ತಿರಲಿಲ್ಲ. ಇವತ್ತು ನಾನು ಸರಿಯ ಬಟ್ಟಲನ್ನು ಪಕ್ಕದಲ್ಲಿಟ್ಟು ದಿಂಬು ಸರಿಮಾಡುತ್ತಿದ್ದಾಗ, ಹೆಂಡತಿ ಬಾಯಿ ತೆರೆದಳು. ನನ್ನ ಕಡೆ ಅಲ್ಲ, ಅಕ್ಕನ ಕಡೆ. ಅಕ್ಕ ಹಿಂದಕ್ಕೆ ಸರಿದು, ನೀನೇ ಕೊಡು ಕಣ್ಲಾ, ನನ್ ಕೈಲಿ ಬ್ಯಾಡ ಎಂದಳು. ಹೆಂಡತಿ ಬಾಯಿ ಮುಚ್ಚಲಿಲ್ಲ. ಬಲಗಡೆಯಿಂದ ಜೊಲ್ಲು ಇಳಿಯಿತು, ನಾನು ಒರೆಸಿದೆ, ಮತ್ತೂ ಹಾಗೇ ಇದ್ದಳು.

ಅಕ್ಕ ಚಮಚ ತೆಗೆದುಕೊಂಡಳು. ಬಾಯಿಯ ತನಕ ಒಯ್ಯುವುದರಲ್ಲಿ ಅರ್ಧ ಚಮಚದಲ್ಲಿ ಕಾಲು ಚಮಚ ಉಳಿಯಿತು. ಎಡಗೆನ್ನೆಗೆ ಇಟ್ಟಳು. ಇಬ್ಬರೂ ಗಂಟಲು ನೋಡುತ್ತಾ ಕೂತೆವು. ಅದು ಮೇಲೆ ಹೋಯಿತು, ಅರ್ಧಕ್ಕೆ ನಿಂತಿತು. ಗೋಡೆಯ ಆಚೆ ಪಾಟಿಯ ಮನೆಯಲ್ಲಿ ಕುಕ್ಕರ್ ಕೂಗಿ ನಿಂತಿತು. ಅಕ್ಕ ನನ್ನ ಮೊಣಕೈಯನ್ನು ಹಿಡಿದಿದ್ದಳು, ಉಗುರು ನಾಟುವ ಹಾಗೆ. ಗಂಟಲು ಇಳಿಯಿತು. ಒಂದು ಸಣ್ಣ ಕೆಮ್ಮು ಬಂತು. ಅದು ಒಳ್ಳೆಯ ಕೆಮ್ಮೋ ಕೆಟ್ಟ ಕೆಮ್ಮೋ ಈಗ ಹೇಳಲು ಬರುವುದಿಲ್ಲ, ಸಂಜೆ ಹಣೆ ಮುಟ್ಟಿ ನೋಡಿದಾಗ ತಿಳಿಯುತ್ತದೆ.

"ಇನ್ನೊಂದ್ ಕೊಡ್ಲಾ?" ಎಂದು ಅಕ್ಕ ಕೇಳಿದಳು, ನನ್ನನ್ನಲ್ಲ.

ಹೆಂಡತಿ ಬಾಯಿ ತೆರೆದಳು.